ಮುಧೋಳದ ಮರಿಯನ್ನು ಬಸ್ಸಿನ ಡಿಕ್ಕಿಗೆ ಹಾಕಬೇಡಿ

ಮಾನ್ಯ ಸಂಪಾದಕರೆ,

ಮುಧೋಳ ತಾಲ್ಲೂಕಿನ ಹಳ್ಳಿಗಳಿಂದ ಬೆಂಗಳೂರು, ಮೈಸೂರು, ಮಂಗಳೂರು, ಪುಣೆ ಕಡೆಗೆ ನಾಯಿಮರಿಗಳು ಹೋಗುವುದು ಹೊಸದಲ್ಲ. 2005ರಲ್ಲಿ ಅಂಚೆ ಇಲಾಖೆ ಮುಧೋಳ ನಾಯಿಯ ಚಿತ್ರವಿರುವ ಅಂಚೆಚೀಟಿ ತಂದಿತು. 2020ರ ಆಗಸ್ಟ್ 30ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಈ ತಳಿಯ ಹೆಸರು ಹೇಳಿದರು. ಅಲ್ಲಿಂದೀಚೆಗೆ ಮರಿ ಕೇಳುವವರು ಹೆಚ್ಚಾಗಿದ್ದಾರೆ. ನಾಯಿ ಸಾಕಿ ನಾಲ್ಕು ಕಾಸು ಕಾಣುವ ಮನೆಗಳಿಗೆ ಇದರಿಂದ ಆಸರೆಯಾಗಿದೆ, ನಮಗೆ ಸಂತೋಷವೇ. ಆದರೆ ಈ ಮರಿಗಳಲ್ಲಿ ಹಲವು ಊರು ಬಿಡುವ ರೀತಿ ನೋಡಿದರೆ ಕರುಳು ಚುರ್ ಎನ್ನುತ್ತದೆ. ಹಣ ಫೋನಿನಲ್ಲಿ ಬರುತ್ತದೆ, ಮರಿಯನ್ನು ಬಿಸ್ಕತ್ತಿನ ರಟ್ಟಿನ ಡಬ್ಬಕ್ಕೆ ಹಾಕಿ, ಪೆನ್ಸಿಲಿನಿಂದ ನಾಲ್ಕು ತೂತು ಚುಚ್ಚಿ, ಸುತಳಿ ಬಿಗಿದು, ರಾತ್ರಿ ಬಸ್ಸಿನ ಕ್ಲೀನರ್ ಕೈಗೆ ಕೊಡುತ್ತಾರೆ. ಅದು ಈರುಳ್ಳಿ ಚೀಲ, ಮೋಟಾರು ಪಂಪಿನ ಪಕ್ಕದಲ್ಲಿ ಡಿಕ್ಕಿ ಸೇರುತ್ತದೆ. ಬೆಳಗಿನ ಜಾವ ಎಲ್ಲೋ ಒಂದು ಸರ್ಕಲ್ಲಿನಲ್ಲಿ ಡಬ್ಬ ಇಳಿಯುತ್ತದೆ. ಒಯ್ಯಬೇಕಾದವರು ಇನ್ನೂ ಟ್ರಾಫಿಕ್ಕಿನಲ್ಲಿರುತ್ತಾರೆ.

ಡಿಕ್ಕಿಯೊಳಗೆ ಏನಾಗುತ್ತದೆ ಎಂಬುದನ್ನು ಮರಿ ತರಿಸಿಕೊಳ್ಳುವವರು ಒಮ್ಮೆ ಯೋಚಿಸಬೇಕು. ಎಂಜಿನ್ ಹಿಂದಿರುವ ಬಸ್ಸಿನಲ್ಲಿ ಡಿಕ್ಕಿಯ ಹಿಂಭಾಗಕ್ಕೆ ಕಾವು ತಾಗುತ್ತದೆ. ಗಾಳಿಯಾಡಲು ದಾರಿಯಿಲ್ಲ. ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ, ತೇಕುತ್ತಲೇ ಅದು ಮೈಕಾವು ಇಳಿಸಿಕೊಳ್ಳಬೇಕು. ತೇಕಿದಂತೆಲ್ಲ ಡಬ್ಬದೊಳಗಿನ ಗಾಳಿ ಒದ್ದೆಯಾಗುತ್ತದೆ, ಒದ್ದೆ ಗಾಳಿಯಲ್ಲಿ ತೇಕಿ ಪ್ರಯೋಜನವಿಲ್ಲ. ಎರಡು ತಿಂಗಳ ಮರಿ ಎರಡು-ಮೂರು ತಾಸಿಗಿಂತ ಹೆಚ್ಚು ಹೊತ್ತು ಮೂತ್ರ ತಡೆಯಲಾರದು, ಡಬ್ಬದ ತಳ ನೆನೆದು ಗಂಜಿಯಂತಾಗುತ್ತದೆ. ಮೇಲಿನ ಲಗೇಜು ಜಾರಿದರೆ ನೆನೆದ ರಟ್ಟು ಅದುಮಿಕೊಳ್ಳುತ್ತದೆ. ಹತ್ತು ತಾಸು ನೀರಿಲ್ಲ, ಕತ್ತಲು, ಸದ್ದು. ಬೆಳಿಗ್ಗೆ ಡಬ್ಬ ಬಿಚ್ಚಿದಾಗ ಮರಿ ಬದುಕಿದ್ದರೂ ಮೈಯಲ್ಲಿ ನೀರಿಲ್ಲದೆ, ಸಕ್ಕರೆ ಅಂಶ ಇಳಿದು, ತನ್ನದೇ ಹೇಸಿಗೆಯಲ್ಲಿ ಹೊರಳಿ ಬಂದಿರುತ್ತದೆ. ಇಂಥ ಮರಿಯ ಹೊಟ್ಟೆಯಲ್ಲಿ ಯಾವ ರೋಗಾಣು ಇದ್ದರೂ ಅದಕ್ಕೆ ಹಬ್ಬ.

ಕಾನೂನು ಇಲ್ಲವೆಂದಲ್ಲ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ನಾಯಿ-ಬೆಕ್ಕಿಗೆಂದೇ ಒಂದು ಅಧ್ಯಾಯವಿದೆ. ಪ್ರಯಾಣಕ್ಕೆ ತಕ್ಕ ಆರೋಗ್ಯವಿದೆ ಎಂಬ ಪಶುವೈದ್ಯರ ಪತ್ರ ಬೇಕು. ಬೇಸಿಗೆಯಲ್ಲಿ 4 ತಾಸಿಗೊಮ್ಮೆ, ಚಳಿಗಾಲದಲ್ಲಿ 6 ತಾಸಿಗೊಮ್ಮೆ ನೀರು ಕೊಡಬೇಕು. ಮರಿಗಳಿಗೆ 4 ತಾಸಿಗೊಮ್ಮೆ ಆಹಾರ ಕೊಡಬೇಕು. ರೈಲಿನಲ್ಲಿ 6 ತಾಸು ಮೀರಿದ ಪ್ರಯಾಣವಾದರೆ ನೋಡಿಕೊಳ್ಳಲು ಆಳು ಜೊತೆಗಿರಬೇಕು. 2017ರ ನಾಯಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ. ಡಿಕ್ಕಿಯ ಮರಿಗೆ ಇವುಗಳಲ್ಲಿ ಒಂದೂ ಸಿಗುವುದಿಲ್ಲ. ಪ್ರಾಣಿಯನ್ನು ನೋವಾಗುವಂತೆ ಸಾಗಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೇ ಹೌದು. ಆದರೆ ಮೊದಲ ಸಲದ ದಂಡ 10 ರೂಪಾಯಿಯಿಂದ 50 ರೂಪಾಯಿ! ಈ ಮೊತ್ತಕ್ಕೆ ಹೆದರುವವರು ಯಾರು? ಆದ್ದರಿಂದ ಮರಿ ಕೊಳ್ಳುವವರೇ ‘ಡಿಕ್ಕಿಯಲ್ಲಿ ಬೇಡ, ನಾವೇ ಬರುತ್ತೇವೆ’ ಎನ್ನಬೇಕು. ಹಾಗೆ ಬರಲು ಮನಸ್ಸಿರುವವರಿಗೆ ಹೇಗೆ ಕರೆದೊಯ್ಯಬೇಕೆಂದು ತಿಳಿದಿರಲಿ ಎಂದು, ಈ ನಾಯಿಗಳ ಜೊತೆ ದಿನ ಕಳೆಯುವ ನಾವು ಇದನ್ನು ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದ್ದರೆ ಕ್ಷಮೆಯಿರಲಿ, ಇದರಲ್ಲಿ ಬಿಡಬಹುದಾದ ಮಾತು ನಮಗೆ ಕಾಣಲಿಲ್ಲ.

ಮೊದಲು ವಯಸ್ಸು. ‘40 ದಿನವಾಗಿದೆ, ರೊಟ್ಟಿ ತಿನ್ನುತ್ತದೆ, ಒಯ್ಯಿರಿ’ ಎಂದರೆ ಒಪ್ಪಬೇಡಿ. 56 ದಿನ ತುಂಬಲಿ, 60 ಆದರೆ ಇನ್ನೂ ಒಳ್ಳೆಯದು. ಕಚ್ಚಿದರೆ ನೋವಾಗುತ್ತದೆ, ಎಷ್ಟು ಗಟ್ಟಿಯಾಗಿ ಬಾಯಿ ಹಾಕಬಾರದು ಎಂಬುದನ್ನೆಲ್ಲ ಮರಿ ಒಡಹುಟ್ಟಿದ ಮರಿಗಳಿಂದ ಕಲಿಯುವುದು ಈ ದಿನಗಳಲ್ಲೇ. ಮೊದಲ ಲಸಿಕೆ ಬೀಳುವುದು 6ರಿಂದ 8 ವಾರದ ನಡುವೆ. ಲಸಿಕೆ ಹಾಕಿಸಿದ ಸಂಜೆಯೇ ಮರಿಯನ್ನು ಹೊರಡಿಸುವುದು ದೊಡ್ಡ ತಪ್ಪು. ಲಸಿಕೆ ಮೈಗೂಡಲು ಕನಿಷ್ಠ ಒಂದು ವಾರ ಬೇಕು, ಆ ವಾರ ಮರಿ ತಾಯಿಯ ಬಳಿಯೇ ಇರಲಿ. ಹಾಗೆಂದು ಒಂದು ಲಸಿಕೆ ಸಾಕೆಂದೂ ಅಲ್ಲ. ತಾಯಿಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವವರೆಗೆ ಲಸಿಕೆ ಪೂರ್ತಿ ಕೆಲಸ ಮಾಡುವುದಿಲ್ಲ. ಅದಕ್ಕೇ 2ರಿಂದ 4 ವಾರಕ್ಕೊಮ್ಮೆಯಂತೆ 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಿಸುವುದು. ರೇಬೀಸ್ ಲಸಿಕೆ 3 ತಿಂಗಳಿಗೆ. ಜಂತುಹುಳುವಿನ ಔಷಧಿ 2 ವಾರದ ಮರಿಯಿಂದಲೇ ಎರಡು ವಾರಕ್ಕೊಮ್ಮೆ ಆಗಿರಬೇಕು. ಆದರೆ ಹೊರಡುವ ದಿನ ಅಥವಾ ಹಿಂದಿನ ದಿನ ಬೇಡ, ದಾರಿಯಲ್ಲಿ ಭೇದಿಯಾದರೆ ಅದು ಔಷಧಿಯದೋ ರೋಗದ್ದೋ ತಿಳಿಯುವುದಿಲ್ಲ.

ಕೈಗೆ ಪಡೆಯಬೇಕಾದ ಕಾಗದಗಳು: ಲಸಿಕೆಯ ಕಾರ್ಡು (ಸೀಸೆಯ ಮೇಲಿನ ಸ್ಟಿಕ್ಕರ್ ಅಂಟಿಸಿ, ವೈದ್ಯರ ಸಹಿ, ತಾರೀಖು ಇರುವಂಥದ್ದು), ಜಂತುಹುಳು ಔಷಧಿಯ ತಾರೀಖುಗಳು, ಪ್ರಯಾಣಕ್ಕೆ ತಕ್ಕ ಆರೋಗ್ಯವಿದೆ ಎಂಬ ಪತ್ರ, ಕೊಂಡ ರಸೀದಿ. ಮೈಕ್ರೋಚಿಪ್ (ಚರ್ಮದಡಿ ಇಡುವ ಗುರುತಿನ ಚಿಪ್) ಹಾಕಿದ್ದರೆ ಅದರ 15 ಅಂಕಿಯ ಸಂಖ್ಯೆ. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ತಳಿಯ ಬಗ್ಗೆ ಏನೇ ಅನುಮಾನವಿದ್ದರೂ ಮರಿ ಕೊಳ್ಳುವ ಮೊದಲು ಅಲ್ಲಿ ಕೇಳಬಹುದು.

ಇನ್ನು ಪೆಟ್ಟಿಗೆ. ಎರಡು ತಿಂಗಳ ಮುಧೋಳ ಮರಿ ಸುಮಾರು ನಾಲ್ಕೈದು ಕೆಜಿ ತೂಗುತ್ತದೆ. ಅದಕ್ಕೆ 24 ಇಂಚು ಉದ್ದ, 18 ಇಂಚು ಅಗಲ, 20 ಇಂಚು ಎತ್ತರದ ಗಟ್ಟಿ ಪ್ಲಾಸ್ಟಿಕ್ ಅಥವಾ ತಂತಿಯ ಪೆಟ್ಟಿಗೆ ಸಾಕು. ಮರಿ ನಿಲ್ಲಬೇಕು, ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು, ಅಷ್ಟೇ. ‘ಮುಂದೆ ದೊಡ್ಡದಾಗುತ್ತಲ್ಲ’ ಎಂದು 42 ಇಂಚಿನದು ತಂದರೆ ಪ್ರತಿ ಬ್ರೇಕಿಗೂ ಮರಿ ಈ ಗೋಡೆಯಿಂದ ಆ ಗೋಡೆಗೆ ಜಾರುತ್ತದೆ. ತಂತಿಯ ಪೆಟ್ಟಿಗೆಯಾದರೆ ಮೂರು ಮಗ್ಗುಲಿಗೆ ತೆಳು ಬಟ್ಟೆ ಹೊದಿಸಿ, ಒಂದು ಮಗ್ಗುಲು ಗಾಳಿಗೆ ಬಿಡಿ. ಪಕ್ಕದಲ್ಲಿ ಓಡುವ ಮರ-ಕಂಬ ಕಾಣದಿದ್ದರೆ ತಲೆಸುತ್ತು ಕಡಿಮೆ.

ಹಾಸಿಗೆಗೆ ಬರೀ ಪತ್ರಿಕೆ ಹಾಕಬೇಡಿ, ಅದು ಜಾರುತ್ತದೆ. ಮರಿ ಹತ್ತು ತಾಸು ಕಾಲೂರಿ ನಿಲ್ಲಲು ಹೆಣಗಿ ಸೋಲುತ್ತದೆ. ಈ ತಳಿಯ ಚರ್ಮ ತೆಳು, ಕೂದಲು ಗಿಡ್ಡ, ಮೈಯಲ್ಲಿ ಕೊಬ್ಬಿಲ್ಲ, ಎಲುಬು ಎದ್ದು ಕಾಣುತ್ತದೆ. ಕೆಳಗೆ ಮೆತ್ತಗಿರಲೇಬೇಕು. ನಮ್ಮ ಕಡೆಯ ಹಳೆಯ ಕೌದಿಯಷ್ಟು ಚೆಂದದ ಹಾಸಿಗೆ ಇದಕ್ಕೆ ಬೇರೊಂದಿಲ್ಲ. ದಪ್ಪವಿರುತ್ತದೆ, ಜಾರುವುದಿಲ್ಲ, ಹೀರುತ್ತದೆ, ಒಗೆಯಬಹುದು. ಸಾಧ್ಯವಿದ್ದರೆ ನಾಲ್ಕು ದಿನ ಮೊದಲೇ ಒಂದು ತುಂಡು ಕೌದಿಯನ್ನು ಮರಿಯ ಮನೆಗೆ ಕಳಿಸಿ, ತಾಯಿ ಮತ್ತು ಮರಿಗಳು ಅದರ ಮೇಲೆ ಮಲಗಲಿ. ಆಗದಿದ್ದರೆ ಹೊರಡುವ ಮುನ್ನ ಒಂದು ಟವೆಲ್ಲನ್ನು ತಾಯಿಯ ಹೊಟ್ಟೆ, ಕುತ್ತಿಗೆಗೆ ಚೆನ್ನಾಗಿ ಒರೆಸಿ ಪೆಟ್ಟಿಗೆಯಲ್ಲಿಡಿ. ಮರಿ ಮೂಗಿನಿಂದಲೇ ಲೋಕ ಅರಿಯುತ್ತದೆ. ಆ ವಾಸನೆಗೆ ಮೂತಿ ಹೂತು ಮಲಗುವ ಮರಿಗೂ, ಹೊಸ ಪ್ಲಾಸ್ಟಿಕ್ಕಿನ ವಾಸನೆಯ ಪೆಟ್ಟಿಗೆಯಲ್ಲಿ ಅರಚುವ ಮರಿಗೂ ಅಜಗಜಾಂತರ.

ಪೆಟ್ಟಿಗೆಯೊಳಗೆ ಕೊರಳಪಟ್ಟಿ ಬೇಡ, ತಂತಿಗೆ ಸಿಕ್ಕಿ ಉರುಳಾಗುತ್ತದೆ. ಹೊರಗೆ ತೆಗೆಯುವಾಗ ಮಾತ್ರ ಎದೆಗೆ ಬರುವ ಹಾರ್ನೆಸ್ ತೊಡಿಸಿ, ಹಗ್ಗ ಕೈಗೆ ಸುತ್ತಿಕೊಂಡು, ಆಮೇಲೆ ಕಾರಿನ ಬಾಗಿಲು ತೆರೆಯಿರಿ. ಈ ಕ್ರಮ ತಪ್ಪಲೇಬಾರದು. ಮುಧೋಳದ ತಲೆ ಕಿರಿದು, ಕುತ್ತಿಗೆಗೂ ತಲೆಗೂ ಹೆಚ್ಚು ವ್ಯತ್ಯಾಸವಿಲ್ಲ. ಸಾಮಾನ್ಯ ಕೊರಳಪಟ್ಟಿಯಿಂದ ಅದು ಹಿಂದಕ್ಕೆ ಒಂದು ಎಳೆತಕ್ಕೆ ತಲೆ ಬಿಡಿಸಿಕೊಳ್ಳುತ್ತದೆ. ಓಡಲೆಂದೇ ಬೆಳೆಸಿದ ನಾಯಿ, ಹೆದ್ದಾರಿಯ ಬದಿಯಲ್ಲಿ ಬೆದರಿ ಓಡಿದರೆ ಹಿಡಿಯುವ ಮನುಷ್ಯ ಹುಟ್ಟಿಲ್ಲ.

ಸವಾರಿ ಯಾವುದು? ನಮ್ಮ ಸಲಹೆ ಕಾರು, ಇಬ್ಬರು ಮನುಷ್ಯರು. ಒಬ್ಬರು ಗಾಡಿ ಓಡಿಸಬೇಕು, ಇನ್ನೊಬ್ಬರು ಮರಿಯ ಪಕ್ಕ ಕೂರಬೇಕು. ಒಬ್ಬರೇ ಹೋಗಿ ಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಓಡಿಸಿದರೆ ಮರಿ ಬ್ರೇಕಿನ ಕೆಳಗೆ ನುಸುಳಿದಾಗ ಇಬ್ಬರ ಜೀವಕ್ಕೂ ಅಪಾಯ. ಸರ್ಕಾರಿ ಬಸ್ಸಾದರೆ, 2022ರಲ್ಲಿ ಕೆಎಸ್‌ಆರ್‌ಟಿಸಿ ಮಾಡಿದ ನಿಯಮದಂತೆ ನಾಯಿಗೆ ಅರ್ಧ ಟಿಕೆಟ್, ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಮಾತ್ರ ಅವಕಾಶ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಲ್ಲಿಲ್ಲ. ಹತ್ತುವ ಡಿಪೋದಲ್ಲಿ ಮೊದಲೇ ಕೇಳಿಕೊಳ್ಳಿ, ನೂರಿನ್ನೂರು ಕಿಲೋಮೀಟರಿಗಾದರೆ ಇದೂ ಸರಿ. ರೈಲಾದರೆ ಬಾಗಲಕೋಟೆ ನಿಲ್ದಾಣವಿದೆ. ಆದರೆ ನಾಯಿಯನ್ನು ಜೊತೆಗಿಟ್ಟುಕೊಳ್ಳಲು ಅವಕಾಶವಿರುವುದು ಫಸ್ಟ್ ಎಸಿಯಲ್ಲಿ ಇಡೀ ಕೂಪೆ (ಇಬ್ಬರ ಕೋಣೆ) ಅಥವಾ ಕ್ಯಾಬಿನ್ (ನಾಲ್ವರ ಕೋಣೆ) ನಿಮ್ಮದೇ ಆಗಿದ್ದಾಗ. ಇಲ್ಲದಿದ್ದರೆ ಗಾರ್ಡಿನ ಬ್ರೇಕ್ ವ್ಯಾನಿನ ನಾಯಿಪೆಟ್ಟಿಗೆ. ಆ ಕಬ್ಬಿಣದ ಪೆಟ್ಟಿಗೆ ಬೆಳೆದ ನಾಯಿಗೇ ಕಷ್ಟ, ಎರಡು ತಿಂಗಳ ಮರಿಗೆ ಖಂಡಿತ ಬೇಡ. ಚಳಿಗಾಲದಲ್ಲಿ ಬೈಕಿನ ಮೇಲೆ ಜಾಕೆಟ್ಟಿನೊಳಗೆ ಮರಿ ತುರುಕಿಕೊಂಡು ಹುಬ್ಬಳ್ಳಿ ದಾಟುವವರಿಗೂ ಇದೇ ಮಾತು.

ಮುಧೋಳದಿಂದ ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಹಾದಿಯಲ್ಲಿ ಬೆಂಗಳೂರಿಗೆ ಐನೂರು ಕಿಲೋಮೀಟರ್ ಮೇಲಾಗುತ್ತದೆ. ಮರಿಗಾಗಿ ನಿಲ್ಲುತ್ತ ಹೋದರೆ ಹತ್ತು-ಹನ್ನೊಂದು ತಾಸು ಹಿಡಿಯಿರಿ. ಹಿಂದಿನ ದಿನವೇ ಬಂದು ಊರಲ್ಲಿ ಉಳಿದು, ಬೆಳಗಿನ ಜಾವ ಐದಕ್ಕೆ ಹೊರಡಬೇಕು. ಬೇಸಿಗೆಯಲ್ಲಿ ನಾಲ್ಕಕ್ಕೇ ಹೊರಟರೆ ಬಿಸಿಲು ಏರುವ ಹೊತ್ತಿಗೆ ದಾವಣಗೆರೆ ದಾಟಿರುತ್ತೀರಿ. ರಾತ್ರಿ ಪ್ರಯಾಣ ತಂಪೆಂದು ಹಲವರು ಹೇಳುತ್ತಾರೆ. ತಂಪೇನೋ ಹೌದು, ಆದರೆ ಓಡಿಸುವವರಿಗೆ ನಿದ್ದೆ, ದಾರಿಯಲ್ಲಿ ಮರಿಗೆ ಏನಾದರೂ ಆದರೆ ತೆರೆದ ಪಶು ಆಸ್ಪತ್ರೆಯಿಲ್ಲ, ಮನೆ ಮುಟ್ಟುವಾಗ ಮರಿಯೂ ನೀವೂ ಸೋತಿರುತ್ತೀರಿ. ಮಧ್ಯಾಹ್ನ ಮೂರು-ನಾಲ್ಕಕ್ಕೆ ಮನೆ ಮುಟ್ಟಿದರೆ ಮರಿ ಹೊಸ ಜಾಗವನ್ನು ಬೆಳಕಿನಲ್ಲಿ ಮೂಸಿ ನೋಡಿಕೊಳ್ಳುತ್ತದೆ.

ಹೊರಡುವ ಮೂರು ತಾಸು ಮೊದಲು ಎಂದಿನ ಒಂದು ಹೊತ್ತಿನ ಊಟದ ಅರ್ಧದಷ್ಟು ಆಹಾರ ಸಾಕು. ಐದಕ್ಕೆ ಹೊರಡುವುದಾದರೆ ಅರ್ಧರಾತ್ರಿಯ ನಂತರ ಎಬ್ಬಿಸಿ ತಿನ್ನಿಸುವ ಬದಲು, ರಾತ್ರಿ ಹತ್ತೂವರೆಗೆ ಕೊನೆಯ ಊಟ ಕೊಟ್ಟು, ದಾರಿಯ ಎರಡನೆಯ ನಿಲುಗಡೆಯಲ್ಲಿ ಸ್ವಲ್ಪ ಕೊಡುವುದು ವಾಸಿ. ಹೊಟ್ಟೆ ತುಂಬಿದ್ದರೆ ವಾಂತಿ, ತೀರ ಖಾಲಿಯಿದ್ದರೆ ಸಕ್ಕರೆ ಇಳಿತ. ಹಾಲು ಬೇಡವೇ ಬೇಡ. ಮನೆಯಲ್ಲಿ ಕುಡಿದು ರೂಢಿಯಿದ್ದರೂ ಅಲುಗಾಡುವ ಗಾಡಿಯಲ್ಲಿ ಅದು ಒಡೆದು ಬರುತ್ತದೆ. ಮರಿ ಅಲ್ಲಿ ಏನು ತಿನ್ನುತ್ತಿತ್ತೋ, ಅದು ಜೋಳದ ರೊಟ್ಟಿ-ಬೇಳೆಯಾಗಲಿ, ಗೋವಿನಜೋಳದ ನುಚ್ಚಾಗಲಿ, ಅಂಗಡಿಯ ಆಹಾರವಾಗಲಿ, ಅದನ್ನೇ ಎರಡು-ಮೂರು ದಿನಕ್ಕಾಗುವಷ್ಟು ಕಟ್ಟಿಸಿಕೊಳ್ಳಿ. ಹಾಗೇ ಅದೇ ಮನೆಯ ನೀರು ಎರಡು ಲೀಟರ್.

ನಿಮ್ಮ ಚೀಲದಲ್ಲಿ ಮತ್ತೇನಿರಬೇಕು: ಹಳೆಯ ಪತ್ರಿಕೆ ಒಂದು ಕಟ್ಟು, ಟವೆಲ್ ಮೂರು, ಸ್ಟೀಲ್ ಬಟ್ಟಲು, 50 ಗ್ರಾಂ ಗ್ಲೂಕೋಸ್ ಪುಡಿ ಅಥವಾ ಒಂದು ಸಣ್ಣ ಬಾಟಲಿ ಜೇನುತುಪ್ಪ, ಥರ್ಮಾಮೀಟರ್, ಪ್ಲಾಸ್ಟಿಕ್ ಚೀಲ, ಒಂದು ಬಾಟಲಿಯಲ್ಲಿ 30 ಪಾಲು ನೀರಿಗೆ 1 ಪಾಲು ಬ್ಲೀಚ್ ದ್ರಾವಣ. ಈ ಕೊನೆಯದು ಪೆಟ್ಟಿಗೆ ಹೊಲಸಾದರೆ ತೊಳೆಯಲು. ಮರಿಗಳಿಗೆ ವಾಂತಿ, ರಕ್ತಭೇದಿ ತಂದು ಜೀವ ತೆಗೆಯುವ ಪಾರ್ವೊ ವೈರಸ್ಸಿಗೆ ನಾವು ನೆಲಕ್ಕೆ ಹಾಕುವ ಫಿನಾಯಿಲ್ ಏನೂ ಮಾಡುವುದಿಲ್ಲ, ಬ್ಲೀಚ್ ಕೊಲ್ಲುತ್ತದೆ. ಮೊದಲು ಹೇಸಿಗೆ ಒರೆಸಿ ತೆಗೆದು, ದ್ರಾವಣ ಸವರಿ, ಹತ್ತು ನಿಮಿಷ ಬಿಟ್ಟು, ನೀರಿನಲ್ಲಿ ಒರೆಸಿ ಒಣಗಿಸಿದ ಮೇಲೆ ಮರಿಯನ್ನು ಒಳಗೆ ಬಿಡಿ.

ಪೆಟ್ಟಿಗೆಯನ್ನು ಹಿಂದಿನ ಸೀಟಿನ ಮೇಲಿಟ್ಟು ಬೆಲ್ಟಿನಿಂದ ಬಿಗಿದು, ಮುಂದಿನ ಸೀಟನ್ನು ಹಿಂದಕ್ಕೆ ಸರಿಸಿ ಒತ್ತು ಕೊಡಿ. ಕೈಯಿಂದ ಜಗ್ಗಿದರೆ ಅಲುಗಬಾರದು. ಎಸಿ 25ರ ಆಸುಪಾಸಿನಲ್ಲಿರಲಿ, ಗಾಳಿ ನೇರ ಪೆಟ್ಟಿಗೆಗೆ ಬೀಳಬಾರದು. ಕೊಬ್ಬಿಲ್ಲದ ಈ ಮರಿ ನೀವು ಹಾಯೆನ್ನುವ ತಂಪಿಗೆ ನಡುಗುತ್ತದೆ. ಮೊದಲ ಅರ್ಧ ತಾಸು ಅಳುತ್ತದೆ, ಗೀರುತ್ತದೆ. ಹೊರಗೆ ತೆಗೆಯಬೇಡಿ. ಬಾಗಿಲ ಸರಳಿಗೆ ಬೆರಳು ತಾಗಿಸಿ ಸುಮ್ಮನೆ ಕೂರಿ. ಬೆರಳು ಮೂಸಿ, ನೆಕ್ಕಿ, ಆಮೇಲೆ ಅದಕ್ಕೇ ಮೂತಿಯೊತ್ತಿ ಕಣ್ಣು ಮುಚ್ಚುತ್ತದೆ. ಹಾಡು ಜೋರಾಗಿ ಹಾಕಬೇಡಿ.

ಎರಡು ತಾಸಿಗೊಮ್ಮೆ ನಿಲ್ಲಿಸಬೇಕು. ಇಲ್ಲಿಯೇ ಹೆಚ್ಚಿನವರು ಎಡವುವುದು. ಪೆಟ್ರೋಲ್ ಬಂಕು, ಢಾಬಾದ ಅಂಗಳದಲ್ಲಿ ಮರಿಯನ್ನು ನೆಲಕ್ಕೆ ಬಿಡುತ್ತಾರೆ. ಅಲ್ಲಿ ಊರ ನಾಯಿಗಳೆಲ್ಲ ಬಂದು ಹೋಗಿರುತ್ತವೆ, ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಕಾರಿನ ಹಿಂಬದಿಯ ಡಿಕ್ಕಿ ತೆರೆದು, ಪತ್ರಿಕೆ ಹಾಸಿ, ಹಾರ್ನೆಸ್ ಹಾಕಿದ ಮರಿಯನ್ನು ಅದರ ಮೇಲೆ ಬಿಡಿ. ಒಂದು ಉಪಾಯ: ಮರಿಗಳು ಹುಟ್ಟಿದ ಮನೆಯಲ್ಲಿ ಮೂತ್ರ ಬಿದ್ದ ಪತ್ರಿಕೆಯ ಒಂದು ತುಂಡು ಚೀಲದಲ್ಲಿ ತಂದಿದ್ದು, ಹೊಸ ಪತ್ರಿಕೆಯ ಮೇಲಿಟ್ಟರೆ ಮರಿ ಮೂಸಿ, ಸುತ್ತು ಹಾಕಿ, ಅಲ್ಲಿಯೇ ಕೂರುತ್ತದೆ. ಐದು ನಿಮಿಷ ಕಾದರೂ ಆಗದಿದ್ದರೆ ಒತ್ತಾಯ ಬೇಡ, ಮುಂದಿನ ನಿಲುಗಡೆ ಬೇಗ ಮಾಡಿ. ಪ್ರತಿ ಸಲ ಮೂರು-ನಾಲ್ಕು ಚಮಚ ನೀರು ಕುಡಿಸಿ. ಮರಿಗೆ ದಿನಕ್ಕೆ ಕೆಜಿಗೆ 60ರಿಂದ 100 ಮಿ.ಲೀ. ನೀರು ಬೇಕು, ಅದನ್ನೆಲ್ಲ ಒಂದೇ ಸಲ ಸುರಿದರೆ ವಾಂತಿಯಾಗುತ್ತದೆ. ವಾಂತಿಯಿಲ್ಲದಿದ್ದರೆ ಎರಡು ನಿಲುಗಡೆಗೊಮ್ಮೆ ಒಂದು ಸಣ್ಣ ಹಿಡಿ ಆಹಾರ. ದಾರಿಯಲ್ಲಿ ಸಿಕ್ಕವರೆಲ್ಲ ‘ಎಷ್ಟು ಮುದ್ದಾಗಿದೆ’ ಎಂದು ಎತ್ತಿಕೊಳ್ಳಲು ಬರುತ್ತಾರೆ. ಅವರ ಮನೆಯಲ್ಲಿ ಯಾವ ನಾಯಿಯಿದೆಯೋ ಗೊತ್ತಿಲ್ಲ, ನಯವಾಗಿ ಬೇಡವೆನ್ನಿ. ನೀವು ಎತ್ತುವಾಗಲೂ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲಿನ ಕೆಳಗೆ. ಮುಂಗಾಲು ಹಿಡಿದು ಎತ್ತಿದರೆ ಭುಜದ ಕೀಲಿಗೆ ಏಟು.

ಊಟಕ್ಕೆ ಇಳಿದಾಗ ಮರಿಯನ್ನು ಕಾರಿನಲ್ಲಿ ಬಿಟ್ಟು ಹೋಗಬೇಡಿ, ಇಬ್ಬರೂ ಸರದಿಯಲ್ಲಿ ಊಟ ಮಾಡಿ. ಹೊರಗೆ 29-30 ಡಿಗ್ರಿ ಇದ್ದಾಗ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 40ರ ಹತ್ತಿರ ಹೋಗುತ್ತದೆ. ಕಿಟಕಿ ಒಂದಿಂಚು ಇಳಿಸಿದರೆ ಇದು ತಪ್ಪುವುದಿಲ್ಲ.

ದಾರಿಯಲ್ಲಿ ಆಗುವ ತೊಂದರೆಗಳಲ್ಲಿ ವಾಂತಿ ಸಾಮಾನ್ಯ. ಮರಿಯ ಒಳಗಿವಿ ಇನ್ನೂ ಬಲಿತಿರುವುದಿಲ್ಲ, ಅಲ್ಲಿಂದ ಬರುವ ತಲೆಸುತ್ತು ಇದು. ಮೊದಲು ಮೇಲಿಂದ ಮೇಲೆ ಆಕಳಿಸುತ್ತದೆ, ತುಟಿ ನೆಕ್ಕುತ್ತದೆ, ಜೊಲ್ಲು ಎಳೆಎಳೆಯಾಗಿ ಇಳಿಯುತ್ತದೆ. ಆಗಲೇ ಗಾಡಿ ನಿಲ್ಲಿಸಿ ಹತ್ತು ನಿಮಿಷ ಗಾಳಿಗೆ ಹಿಡಿದರೆ ವಾಂತಿ ತಪ್ಪುವುದುಂಟು. ಒಂದೆರಡು ಸಲ ವಾಂತಿಯಾದರೆ ಗಾಬರಿ ಬೇಡ, ಮುಂದಿನ ಒಂದು ಹೊತ್ತು ಆಹಾರ ಬಿಟ್ಟು ನೀರು ಮಾತ್ರ ಕೊಡಿ. ನಿದ್ದೆ ಬರಲೆಂದು ಮಕ್ಕಳ ಕೆಮ್ಮಿನ ಔಷಧಿ, ಅಲರ್ಜಿ ಮಾತ್ರೆ ಕೊಡುವ ಚಾಳಿಯನ್ನು ದಯವಿಟ್ಟು ಬಿಡಿ. ಈ ಓಟದ ತಳಿಗಳಿಗೆ ಕೆಲವು ಮತ್ತಿನ ಔಷಧಿಗಳು ಮಿಕ್ಕ ನಾಯಿಗಳಿಗಿಂತ ಹೆಚ್ಚು ಹೊತ್ತು ಹಿಡಿಯುತ್ತವೆ. ಮತ್ತಿನಲ್ಲಿರುವ ಮರಿ ಮೈಕಾವು ಕಾಯ್ದುಕೊಳ್ಳಲಾರದು, ವಾಂತಿಯಾದರೆ ಶ್ವಾಸಕ್ಕೆ ಹೋಗುತ್ತದೆ. ವಾಂತಿ ತಡೆಯುವ ಔಷಧಿ ಬೇಕೆನಿಸಿದರೆ ತೂಕ ನೋಡಿ ಪಶುವೈದ್ಯರೇ ಬರೆದುಕೊಡಲಿ.

ಸಕ್ಕರೆ ಇಳಿದರೆ ಗುರುತು ಬೇರೆ. ಮರಿ ಕರೆದರೂ ತಲೆ ಎತ್ತುವುದಿಲ್ಲ, ನಿಲ್ಲಿಸಿದರೆ ತೂರಾಡುತ್ತದೆ, ಒಸಡು ಬಿಳಿಚಿ ತಣ್ಣಗಿರುತ್ತದೆ, ಕೆಲವೊಮ್ಮೆ ನಡುಗುತ್ತದೆ. ತಡಮಾಡದೆ ಅರ್ಧ ಚಮಚ ಜೇನು ಅಥವಾ ನೀರಿನಲ್ಲಿ ಕಲಸಿದ ಗ್ಲೂಕೋಸನ್ನು ಬೆರಳಿನಿಂದ ಒಸಡಿಗೆ ಉಜ್ಜಿ, ಟವೆಲ್ಲಿನಲ್ಲಿ ಸುತ್ತಿ ಬೆಚ್ಚಗಿಡಿ. ಬಾಯಿಗೆ ಸುರಿಯಬೇಡಿ, ನುಂಗಲಾರದ ಮರಿಗೆ ಅದು ಶ್ವಾಸಕೋಶಕ್ಕಿಳಿಯುತ್ತದೆ. ಐದು-ಹತ್ತು ನಿಮಿಷದಲ್ಲಿ ಚೇತರಿಸಿಕೊಂಡರೆ ಸ್ವಲ್ಪ ಆಹಾರ ಕೊಟ್ಟು, ಹಾದಿಯ ಮುಂದಿನ ಊರಿನಲ್ಲಿ ಪಶುವೈದ್ಯರಿಗೆ ತೋರಿಸಿ. ಚೇತರಿಸದಿದ್ದರೆ ಅಲ್ಲಿಗೇ ನೇರ ಓಡಬೇಕು. ದಾರಿಯ ದೊಡ್ಡ ಊರುಗಳ ಪಶು ಆಸ್ಪತ್ರೆ ಎಲ್ಲಿದೆಯೆಂದು ಹೊರಡುವ ಮೊದಲೇ ನೋಡಿ ಬರೆದಿಟ್ಟುಕೊಂಡಿರಿ.

ಬಿಸಿಲ ಹೊಡೆತವಾದರೆ ತೇಕು ನಿಲ್ಲದು, ನಾಲಿಗೆ ಕಡುಗೆಂಪಾಗುತ್ತದೆ, ಕಣ್ಣು ನೆಟ್ಟಗಾಗುತ್ತದೆ. ಮರಿಯ ಸಹಜ ಮೈಕಾವು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಹೊಟ್ಟೆ, ತೊಡೆಸಂದು, ಪಾದಗಳಿಗೆ ಸಾದಾ ನೀರು ಸವರಿ ಗಾಳಿ ಬೀಸಿ. ಮಂಜುಗಡ್ಡೆ ಇಡಬೇಡಿ. ಅದು ಮೇಲಿನ ರಕ್ತನಾಳಗಳನ್ನು ಮುದುಡಿಸಿ ಒಳಗಿನ ಕಾವನ್ನು ಒಳಗೇ ಕೂಡಿಹಾಕುತ್ತದೆ. 103ಕ್ಕೆ ಇಳಿದೊಡನೆ ನೀರು ಸವರುವುದನ್ನು ನಿಲ್ಲಿಸಿ, ಆಸ್ಪತ್ರೆಗೆ ಹೊರಡಿ.

ಮನೆ ಮುಟ್ಟಿದ ಮೇಲೆ ಮರಿಯನ್ನು ಮೊದಲು ಪತ್ರಿಕೆ ಹಾಸಿದ ಮೂಲೆಗೆ ಒಯ್ಯಿರಿ, ಆಮೇಲೆ ನೀರು. ಆರತಿ, ಕುಂಕುಮ, ಪಕ್ಕದ ಮನೆಯ ಮಕ್ಕಳ ಗುಂಪು ಎಲ್ಲವೂ ನಾಳೆಗಿರಲಿ. ಮೈ ವಾಸನೆಯೆಂದು ಸ್ನಾನ ಮಾಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕು. ಅದೇ ಪೆಟ್ಟಿಗೆ, ಅದೇ ಕೌದಿ, ನಿಮ್ಮ ಹಾಸಿಗೆಯ ಪಕ್ಕದಲ್ಲಿ. ರಾತ್ರಿ ಒಂದೆರಡು ಸಲ ಎದ್ದು ಪತ್ರಿಕೆಗೆ ಬಿಡಬೇಕಾಗುತ್ತದೆ. ಆಹಾರ ಬದಲಿಸುವುದಿದ್ದರೆ ಹಳೆಯದಕ್ಕೆ ಹೊಸದನ್ನು ಕಾಲುಭಾಗದಿಂದ ಬೆರೆಸುತ್ತ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ. ಎರಡು ದಿನದೊಳಗೆ ಪಶುವೈದ್ಯರಿಗೆ ತೋರಿಸಿ, ಮಲದ ಪರೀಕ್ಷೆ ಮಾಡಿಸಿ.

ಈಗ ಜಗಳದ ವಿಷಯ. ಕೆಲವೊಮ್ಮೆ ಮನೆಗೆ ಬಂದ ನಾಲ್ಕನೆಯ ದಿನ ಮರಿಗೆ ವಾಂತಿ-ಭೇದಿ ಶುರುವಾಗುತ್ತದೆ. ಕೊಂಡವರು ‘ರೋಗದ ಮರಿ ಕೊಟ್ಟಿರಿ’ ಎನ್ನುತ್ತಾರೆ, ಕೊಟ್ಟವರು ‘ನಿಮ್ಮ ದಾರಿಯಲ್ಲಿ ಅಂಟಿದ್ದು’ ಎನ್ನುತ್ತಾರೆ. ತಾರೀಖು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಪಾರ್ವೊ ಅಂಟಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ಬಂದ ಮರುದಿನವೇ ಪಾರ್ವೊದ ರಕ್ತಭೇದಿಯಾದರೆ ಅದು ಹುಟ್ಟಿದ ಮನೆಯಿಂದಲೇ ಬಂದದ್ದು. ಐದಾರು ದಿನಕ್ಕಾದರೆ ದಾರಿಯಲ್ಲೋ ನಿಮ್ಮ ಮನೆಯಂಗಳದಲ್ಲೋ ಅಂಟಿರಬಹುದು, ಹುಟ್ಟಿದ ಮನೆಯದೂ ಆಗಿರಬಹುದು. ರಕ್ತವಿಲ್ಲದೆ, ಮರಿ ಚುರುಕಾಗಿಯೇ ಇದ್ದು, ಮಲ ಮಾತ್ರ ಲೋಳೆಲೋಳೆಯಾಗಿದ್ದರೆ ಅದು ಹೆಚ್ಚಾಗಿ ಆಹಾರ ಬದಲಾದದ್ದು ಅಥವಾ ಹೊಟ್ಟೆಯಲ್ಲಿ ಮೊದಲೇ ಇದ್ದ ಕಾಕ್ಸಿಡಿಯಾದಂಥ ಪರಾವಲಂಬಿ ಪ್ರಯಾಣದ ಸುಸ್ತಿನಲ್ಲಿ ತಲೆ ಎತ್ತಿದ್ದು. ಎರಡಕ್ಕೂ ಮದ್ದಿದೆ. ಮರಿ ಊಟ ಬಿಟ್ಟು ಮೂಲೆ ಹಿಡಿದರೆ ಮಾತ್ರ ಬೆಳಗಾಗಲಿ ಎಂದು ಕಾಯಬೇಡಿ. ಪಾರ್ವೊದಲ್ಲಿ ಒಂದು ರಾತ್ರಿ ತಡವಾದರೂ ಜೀವ ಕೈತಪ್ಪಬಹುದು.

ಸಂಬಂಧಪಟ್ಟವರಲ್ಲಿ ನಮ್ಮ ಕೋರಿಕೆ ಮೂರು. ಸಾರಿಗೆ ಇಲಾಖೆ ರಾತ್ರಿ ಬಸ್ಸುಗಳ ತಪಾಸಣೆಯಲ್ಲಿ ಡಿಕ್ಕಿಯ ಡಬ್ಬಗಳನ್ನೂ ನೋಡಲಿ, ಜೀವವಿರುವ ಪ್ರಾಣಿಯನ್ನು ಲಗೇಜಾಗಿ ಪಡೆಯುವುದಿಲ್ಲ ಎಂಬ ಫಲಕವನ್ನು ಪ್ರತಿ ಬುಕಿಂಗ್ ಆಫೀಸಿನಲ್ಲಿ ಹಾಕಿಸಲಿ. ಪಶುಪಾಲನಾ ಇಲಾಖೆ ಮರಿಯ ಆರೋಗ್ಯ ಪತ್ರವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಅದೇ ದಿನ ಸಿಗುವಂತೆ ಮಾಡಲಿ. ಈಗ ಪತ್ರಕ್ಕಾಗಿ ಎರಡು ಸಲ ಓಡಾಡಬೇಕಾಗಿ ಬಂದಾಗಲೇ ಜನ ಅದನ್ನು ಕೈಬಿಡುವುದು. ಮೂರನೆಯದು ನಮ್ಮ ತಾಲ್ಲೂಕಿನ ಸಾಕಣೆದಾರ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ: ಕೊಳ್ಳುವವರು ಎಷ್ಟೇ ಅವಸರ ಮಾಡಲಿ, ಬಸ್ಸಿಗೆ ಹಾಕಿ ಎಂದರೆ ಮರಿ ಕೊಡಬೇಡಿ. ಬಂದವರಿಗೆ ಬೆಳಗಿನ ಐದಕ್ಕೆ ಬಾಗಿಲು ತೆರೆದು ಕೊಡಿ. ಹತ್ತು ಗಂಟೆಗೆ ಬನ್ನಿ ಎಂದರೆ ಆ ಮರಿ ಇಡೀ ದಾರಿ ಬಿಸಿಲಲ್ಲಿ ಹೋಗುತ್ತದೆ. ತಾಯಿ ಮಲಗಿದ ಕೌದಿಯ ಒಂದು ತುಂಡನ್ನೂ, ಮೂರು ದಿನದ ನುಚ್ಚನ್ನೂ ಪೆಟ್ಟಿಗೆಯ ಜೊತೆ ಕಟ್ಟಿ ಕೊಡಿ.

— ಮುಧೋಳ ನಾಯಿ ಸಾಕಣೆದಾರರು ಮತ್ತು ಪಶುವೈದ್ಯರು,
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ